ಶರೀರ ಇಳಿದಾಗ ಶಾರೀರ ಏನಾಗುತ್ತೆ?

ಇವತ್ತು ವಿಧಾನಸೌಧ ಇಲ್ಲ, ದಿಲ್ಲಿಯೂ ಇಲ್ಲ. ಇವತ್ತು ಒಂದು ಕಪ್ಪು ಡ್ರೆಸ್ಸಿನ ಸುದ್ದಿ. ಅದೂ ಹಳೆಯ ಸುದ್ದಿ. ತಂಗಳನ್ನ ಬಿಸಿ ಮಾಡಿ ಯಾಕಪ್ಪಾ ಬಡಿಸ್ತೀಯ ಅಂತ ಕೇಳೋರು ಕೇಳಲಿ. ಹತ್ತು ನಿಮಿಷ ಕೂತ್ಕೊಳ್ಳಿ, ಇದು ನಮ್ಮ ಮನೆಯ ಸುದ್ದಿ ಹೇಗಾಗುತ್ತೆ ಅಂತ ಹೇಳ್ತೀನಿ.

2004ರ ಮಾರ್ಚ್. ಲಂಡನ್ನಿನ ಕೋವೆಂಟ್ ಗಾರ್ಡನ್ ಅನ್ನೋ ಜಾಗದಲ್ಲಿ ರಾಯಲ್ ಒಪೆರಾ ಹೌಸ್ ಇದೆ. ಜಗತ್ತಿನ ದೊಡ್ಡ ರಂಗಮಂದಿರಗಳಲ್ಲಿ ಒಂದು. ರಿಚರ್ಡ್ ಸ್ಟ್ರೌಸ್ ಸಂಗೀತ ಕೊಟ್ಟ ‘ಅರಿಯಾಡ್ನೆ ಔಫ್ ನಾಕ್ಸೊಸ್’ ಅನ್ನೋ ಒಪೆರಾವನ್ನ ಅವರು ಆಡಬೇಕಿತ್ತು. ಪ್ರೇಮಿ ಕೈಬಿಟ್ಟು ಹೋದ ಮೇಲೆ ದ್ವೀಪದಲ್ಲಿ ಒಂಟಿಯಾಗಿ ಸಾವಿಗೆ ಕಾಯುವ ರಾಜಕುಮಾರಿಯ ಕಥೆ ಅದು. ಆ ಪಾತ್ರಕ್ಕೆ ಗೊತ್ತಾಗಿದ್ದವರು ಅಮೆರಿಕದ ಡೆಬೊರಾ ವಾಯ್ಟ್. 1991ರಲ್ಲಿ ಬಾಸ್ಟನ್ನಿನಲ್ಲಿ ಇದೇ ಅರಿಯಾಡ್ನೆ ಹಾಡಿಯೇ ಆಕೆ ಬೆಳಕಿಗೆ ಬಂದಿದ್ದು. ಆಮೇಲೆ ಆ ಪಾತ್ರ ಅಂದ್ರೆ ವಾಯ್ಟ್ ಅನ್ನುವ ಹಾಗೆ ಆಗಿತ್ತು. ಆದರೆ ಲಂಡನ್ನಿನ ಈ ಪ್ರಯೋಗದಲ್ಲಿ ರಾಜಕುಮಾರಿಗೆ ಹಳೇ ಕಾಲದ ನಿಲುವಂಗಿ ಇರಲಿಲ್ಲ. ಈ ಕಾಲದವರು ಪಾರ್ಟಿಗೆ ಹಾಕಿಕೊಂಡು ಹೋಗೋ ಒಂದು ಪುಟ್ಟ ಕಪ್ಪು ಡ್ರೆಸ್ ಇತ್ತು. ವಾಯ್ಟ್ ಅವರ ಮೈಗೆ ಆ ಡ್ರೆಸ್ ಒಪ್ಪೋದಿಲ್ಲ ಅಂತ ತೀರ್ಮಾನವಾಯ್ತು. ಡ್ರೆಸ್ ಬದಲಾಯಿಸಬಹುದಿತ್ತು. ಹಾಡುಗಾರ್ತಿಯನ್ನ ಬದಲಾಯಿಸಿದ್ರು.

ಸುದ್ದಿ ಹೊರಗೆ ಬಿದ್ದ ಮೇಲೆ ಗಲಾಟೆಯೋ ಗಲಾಟೆ. ಹಾಡೋಕೆ ಕರೆದ್ರಾ, ಫ್ಯಾಷನ್ ಶೋಗೆ ಕರೆದ್ರಾ ಅಂತ ಜನ ಕೇಳಿದ್ರು. ರಂಗದ ಮೇಲೆ ಪಾತ್ರ ನಂಬೋ ಹಾಗಿರಬೇಕು ಅಂತ ಇನ್ನೊಂದು ಕಡೆಯವರು ವಾದ ಮಾಡಿದ್ರು. ನಾನು ಆ ವಾದವನ್ನ ಪೂರ್ತಿ ತಳ್ಳಿಹಾಕೋದಿಲ್ಲ. ಆದರೆ ಅದೇ ಕಾಲದಲ್ಲಿ ಲುಚಾನೊ ಪವರಾಟಿ ಕೈಯಲ್ಲಿ ಬಿಳಿ ಕರ್ಚೀಫು ಹಿಡಿದು, ಅಷ್ಟು ದೊಡ್ಡ ದೇಹ ಹೊತ್ತು ಪ್ರೇಮಿಯ ಪಾತ್ರ ಹಾಡ್ತಿದ್ದರು. ಟಿಕೆಟ್ಟಿಗೆ ಜನ ಕ್ಯೂ ನಿಲ್ತಿದ್ರು. ಗಂಡಸಿನ ಹೊಟ್ಟೆ ಯಾರ ಕಣ್ಣಿಗೂ ಬೀಳೋದಿಲ್ಲ, ಅದು ಎಲ್ಲ ದೇಶದಲ್ಲೂ ಹಾಗೇ ಇರಬೇಕು.

2004ರ ಜೂನ್‌ನಲ್ಲಿ ವಾಯ್ಟ್ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡರು. ಜಠರದ ಮೇಲ್ಭಾಗದಲ್ಲಿ ಒಂದು ಕೋಳಿಮೊಟ್ಟೆಯಷ್ಟು ಚಿಕ್ಕ ಚೀಲ ಉಳಿಸಿ, ಅದನ್ನ ನೇರವಾಗಿ ಸಣ್ಣ ಕರುಳಿಗೆ ಜೋಡಿಸೋ ಆಪರೇಷನ್ ಅದು. ತಿಂದದ್ದು ಬೇಗ ಸಾಕಾಗುತ್ತೆ, ಹಸಿವಿನ ಹಾರ್ಮೋನುಗಳ ಲೆಕ್ಕವೂ ಬದಲಾಗುತ್ತೆ. ಆಕೆ 45 ಕಿಲೋಗೂ ಹೆಚ್ಚು ಇಳಿದರು. ಮುಂದಿನ ವರ್ಷ ತಾವೇ ಜಗತ್ತಿಗೆ ಹೇಳಿಕೊಂಡರು. ದೊಡ್ಡ ಕಲಾವಿದರು ಇಂಥದ್ದನ್ನ ಮುಚ್ಚಿಡೋ ಕಾಲ ಅದು. ಆ ಧೈರ್ಯಕ್ಕೆ ಒಂದು ಸಲಾಂ.

ಎಲ್ಲರೂ ಕಾಯ್ತಿದ್ದ ಪ್ರಶ್ನೆ ಈಗ ಬಂತು. ದೇಹ ಇಳಿಯಿತು, ಸರಿ. ಧ್ವನಿ?

ಇಲ್ಲಿ ಒಂದು ಮಾತು ಹೇಳಬೇಕು. ಒಪೆರಾದಲ್ಲಿ ಮೈಕ್ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ 3,800ರಷ್ಟು ಸೀಟುಗಳಿವೆ. ಕೆಳಗೆ ವಾದ್ಯವೃಂದ ಗುಡುಗುತ್ತಿರುತ್ತೆ, ಅದನ್ನ ದಾಟಿ ಒಂಟಿ ಗಂಟಲು ಕೊನೇ ಸಾಲಿಗೆ ಮುಟ್ಟಬೇಕು. ಮೈಕ್ ಬರೋದಕ್ಕೆ ಮುಂಚೆ ನಮ್ಮ ಕಂಪನಿ ನಾಟಕದ ನಟರು ಟೆಂಟಿನ ಕೊನೆಯಲ್ಲಿ ನೆಲದ ಮೇಲೆ ಕೂತವನಿಗೂ ಕೇಳೋ ಹಾಗೆ ಕಂದ ಪದ್ಯ ಎತ್ತುತ್ತಿದ್ದರಲ್ಲ, ಆ ಜಾತಿಯ ಕೆಲಸ. ಗಂಟಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆದರೂ ಗೊತ್ತಾಗಿಬಿಡುತ್ತೆ.

ವ್ಯತ್ಯಾಸ ಆಗಿತ್ತು. ಮೊದಲಿದ್ದ ಬೆಚ್ಚನೆಯ ತುಂಬು ನಾದ ಕಮ್ಮಿಯಾಗಿ, ಧ್ವನಿ ಹೆಚ್ಚು ಹರಿತವಾಗಿದೆ, ಅಂಚು ಗಟ್ಟಿಯಾಗಿದೆ ಅಂತ ಕೆಲವು ವಿಮರ್ಶಕರು ಬರೆದ್ರು. ಇನ್ನು ಕೆಲವರಿಗೆ ರಂಗದ ಮೇಲೆ ಆಕೆ ಮೊದಲಿಗಿಂತ ಚೆನ್ನಾಗಿ ಕಂಡರು. 2006ರಲ್ಲಿ ಷಿಕಾಗೋದಲ್ಲಿ ಸಲೋಮೆ ಪಾತ್ರ ಮಾಡಿದ್ರು. ಹಾಡೋದರ ಜೊತೆಗೆ ನೃತ್ಯವೂ ಬೇಕಾದ ಪಾತ್ರ. ಮೊದಲಿನ ದೇಹದಲ್ಲಿ ಅದನ್ನ ಯೋಚಿಸೋಕೂ ಆಗ್ತಿರಲಿಲ್ಲ. 2008ರಲ್ಲಿ ಕೋವೆಂಟ್ ಗಾರ್ಡನ್ನಿಗೇ ವಾಪಸ್ ಬಂದ್ರು, ಅದೇ ಅರಿಯಾಡ್ನೆ ಹಾಡಿದ್ರು. ಬರೋ ಮುಂಚೆ ಒಂದು ತಮಾಷೆ ವಿಡಿಯೋ ಬೇರೆ ಮಾಡಿದ್ರು: ಆ ಕಪ್ಪು ಡ್ರೆಸ್ಸೇ ಬಂದು ಆಕೆಯ ಮನೆ ಬಾಗಿಲು ತಟ್ಟುತ್ತೆ!

ವಿಮರ್ಶಕರ ಮಾತಿಗಿಂತ ನನಗೆ ಮುಖ್ಯ ಅನ್ನಿಸಿದ್ದು ವಾಯ್ಟ್ ಸ್ವತಃ ಹೇಳಿದ್ದು. ಮೊದಲು ಉಸಿರು ಎಳೆದುಕೊಂಡ್ರೆ ಸಾಕಿತ್ತು, ದೇಹದ ತೂಕವೇ ಒಂದು ತಳ್ಳು ಕೊಟ್ಟು ಹಾಡನ್ನ ಎಬ್ಬಿಸ್ತಿತ್ತಂತೆ. ಯೋಚನೆಯೇ ಮಾಡಬೇಕಾಗಿರಲಿಲ್ಲ. ಈಗ ಪಕ್ಕೆಲುಬು ಅಗಲವಾಗಿ ಇಟ್ಟುಕೊಂಡಿದ್ದೀನಾ, ಹಳೇ ಉಸಿರು ಪೂರ್ತಿ ಬಿಟ್ಟಿದ್ದೀನಾ, ಸ್ನಾಯುಗಳನ್ನ ಮತ್ತೆ ಹಿಡಿದಿದ್ದೀನಾ ಅಂತ ಪ್ರತಿ ಸಾಲಿಗೂ ನೆನಪು ಮಾಡ್ಕೋಬೇಕು. ಮರೆತ್ರೆ ಉಸಿರಿನ ಮೇಲೆ ಉಸಿರು ಪೇರಿಸಿಕೊಂಡು ಮೇಲಿನ ಸ್ವರ ಒಡೆದುಹೋಗುತ್ತೆ. ಗಂಟಲಿಗೆ ಏನೂ ಆಗಿಲ್ಲ ಅಂತಲೂ ಆಕೆ ಹೇಳಿದ್ರು.

ಇಪ್ಪತ್ತು ವರ್ಷ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಸೈಕಲ್ ಹೊಡೆದವನನ್ನ ನೋಡಿದ್ದೀರಾ? ಒಂದು ದಿನ ಸಿಲಿಂಡರ್ ಇಳಿಸಿ ಖಾಲಿ ಸೈಕಲ್ ಕೊಡಿ. ಅವನಿಗೆ ಸುಖ ಆಗಬೇಕು. ಮೊದಲ ತಿರುವಿನಲ್ಲೇ ಹ್ಯಾಂಡಲ್ ಅಲ್ಲಾಡುತ್ತೆ.

ನಮ್ಮ ಸಂಗೀತದವರ ಬಾಯಲ್ಲಿ ಒಂದು ಪದ ಇದೆ. ‘ಅವರದು ಒಳ್ಳೇ ಶಾರೀರ’ ಅಂತಾರೆ. ಶರೀರ ಅಂದ್ರೆ ಮೈ, ಶಾರೀರ ಅಂದ್ರೆ ಹಾಡುವ ಧ್ವನಿ. ಒಂದು ದೀರ್ಘ ಅಷ್ಟೇ ವ್ಯತ್ಯಾಸ. 13ನೇ ಶತಮಾನದಲ್ಲಿ ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆಯುವಾಗ ಸ್ವರದ ವಿಚಾರಕ್ಕೆ ಹೋಗೋ ಮೊದಲು ಮನುಷ್ಯನ ದೇಹ ಹೇಗೆ ಹುಟ್ಟಿ ಬೆಳೆಯುತ್ತೆ ಅಂತ ಒಂದು ಪ್ರಕರಣವನ್ನೇ ಇಟ್ಟ. ಸಂಗೀತದ ಪುಸ್ತಕದಲ್ಲಿ ಶರೀರಶಾಸ್ತ್ರ! ಅಂದಮೇಲೆ ಮೈ ಬದಲಾದ್ರೆ ಧ್ವನಿ ಬದಲಾಗುತ್ತೆ ಅನ್ನೋದು ನಮಗೇನೂ ಹೊಸದಲ್ಲ.

ಆದರೆ ಇಲ್ಲೇ ಒಂದು ತಪ್ಪು ನಂಬಿಕೆಯೂ ಬೇರು ಬಿಟ್ಟಿದೆ. ದಪ್ಪ ಇದ್ದರೇನೇ ದೊಡ್ಡ ಧ್ವನಿ, ಕೊಬ್ಬಿನಲ್ಲೇ ನಾದ ಇರೋದು ಅಂತ. ಒಂದು ತಂಬೂರಿ ನೋಡಿ. ಕೆಳಗೆ ಅಷ್ಟು ದೊಡ್ಡ ಬುರುಡೆ ಇದೆಯಲ್ಲ, ಅದು ಸೋರೆ ಜಾತಿಯ ಕಾಯಿ. ಒಳಗಿನ ತಿರುಳೆಲ್ಲ ತೆಗೆದು, ಒಣಗಿಸಿದ ಮೇಲೇ ಅದು ತಂಬೂರಿಯ ಬುರುಡೆ ಆಗೋದು. ತಿರುಳು ತುಂಬಿದ ಕಾಯಿಗೆ ತಂತಿ ಬಿಗಿದ್ರೆ ಏನು ಕೇಳುತ್ತೆ? ನಾದ ಬೆಳೆಯೋದು ಟೊಳ್ಳಿನಲ್ಲಿ. ಮನುಷ್ಯನ ಗಂಟಲು, ಬಾಯಿ, ಮೂಗಿನ ಹಿಂಭಾಗ ಇವೇ ಆ ಟೊಳ್ಳು. ಹೊಟ್ಟೆಯ ಕೊಬ್ಬು ನಾದ ಕೊಡೋದಿಲ್ಲ.

ಈ ನಂಬಿಕೆಗೆ ಜೀವ ಕೊಟ್ಟ ಹೆಸರು ಮರಿಯಾ ಕಲಾಸ್. ಇಪ್ಪತ್ತನೇ ಶತಮಾನದ ಅತಿ ದೊಡ್ಡ ಒಪೆರಾ ಹೆಸರು ಅಂದ್ರೂ ತಪ್ಪಿಲ್ಲ. 1953ರಿಂದ 1954ರ ಆರಂಭದೊಳಗೆ ಆಕೆ ಸುಮಾರು 36 ಕಿಲೋ ಇಳಿದರು. ಆಪರೇಷನ್ ಇಲ್ಲ. ತರಕಾರಿ ಸಲಾಡು, ಕೋಳಿ ತಿಂದು ಇಳಿದೆ ಅಂತ ಆಕೆ ಹೇಳಿದ್ರೆ, ಜನ ಲಾಡಿಹುಳು ನುಂಗಿದ್ದಾಳೆ ಅಂತ ಗಾಳಿಸುದ್ದಿ ಹಬ್ಬಿಸಿದ್ರು. ರೋಮ್‌ನ ಒಂದು ಪಾಸ್ತಾ ಕಂಪನಿಯಂತೂ ನಮ್ಮ ಪಾಸ್ತಾ ತಿಂದೇ ಕಲಾಸ್ ಸಣ್ಣಗಾದ್ರು ಅಂತ ಜಾಹೀರಾತು ಕೊಟ್ಟುಬಿಡ್ತು. ಆಕೆ ಕೋರ್ಟಿಗೆ ಹೋಗಿ ಗೆದ್ದರು. ಆಮೇಲೆ ಕೆಲವೇ ವರ್ಷಗಳಲ್ಲಿ ಧ್ವನಿ ಅಲುಗಾಡತೊಡಗಿತು. 1965ರಲ್ಲಿ, ಇನ್ನೂ 41ನೇ ವಯಸ್ಸಿಗೆ, ಕೊನೆಯ ಒಪೆರಾ. ಅದೂ ಇದೇ ಕೋವೆಂಟ್ ಗಾರ್ಡನ್ನಿನಲ್ಲಿ. ಸಣ್ಣಗಾಗಿದ್ದೇ ಧ್ವನಿ ಹೋಗೋಕೆ ಕಾರಣ ಅಂತ ಜಗತ್ತು ತೀರ್ಪು ಕೊಟ್ಟಿತು. ಇಪ್ಪತ್ತರ ಹರೆಯದಲ್ಲೇ ಭಾರವಾದ ಪಾತ್ರಗಳನ್ನ ಒಂದರ ಹಿಂದೆ ಒಂದು ಹಾಡಿ ಗಂಟಲು ದಣಿಸಿಕೊಂಡಿದ್ದು, ಆಮೇಲೆ ಬಂದ ಕಾಯಿಲೆ, ಮನಸ್ಸಿನ ನೋವು ಇವೆಲ್ಲ ತೀರ್ಪಿನಲ್ಲಿ ಬರಲಿಲ್ಲ. ವಾಯ್ಟ್ ವಿಷಯದಲ್ಲೂ ಅಷ್ಟೇ. ಆಪರೇಷನ್ ಆದಾಗ ಆಕೆಗೆ 43 ವರ್ಷ. ಆ ವಯಸ್ಸಿಗೆ ಹಾಡುಗಾರ್ತಿಯರ ಧ್ವನಿ ತಾನಾಗಿಯೇ ಬದಲಾಗೋಕೆ ಶುರುವಾಗಬಹುದು. ಆಮೇಲೆ ವಾಗ್ನರ್‌ನ ಬ್ರೂನ್‌ಹಿಲ್ಡೆಯಂಥ ಕಲ್ಲು ಹೊರೋ ಪಾತ್ರ ತಗೊಂಡ್ರು, 2011ರಲ್ಲಿ ಮೆಟ್‌ನಲ್ಲಿ ಅದನ್ನ ಹಾಡಿದ್ರು. ಯಾವುದು ಚಾಕುವಿನಿಂದ ಆದ ಬದಲಾವಣೆ, ಯಾವುದು ವಯಸ್ಸಿನಿಂದ, ಯಾವುದು ಪಾತ್ರದ ಭಾರದಿಂದ ಅಂತ ಬಿಡಿಸಿ ಹೇಳೋಕೆ ಯಾವ ತಕ್ಕಡಿಯೂ ಇಲ್ಲ.

ಈಗ ನಮ್ಮ ಮನೆಗೆ ಬರ್ತೀನಿ. ಕೆಲವು ದಿನದ ಹಿಂದೆ ಶಿವಮೊಗ್ಗ ಕಡೆಯ ಒಬ್ಬ ಅಕ್ಕ ನಮಗೆ ಬರೆದಿದ್ರು. ಹೆಸರು ಬೇಡ. ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳ್ತಾರೆ, ಹಬ್ಬ ಹರಿದಿನಕ್ಕೆ, ಮದುವೆ ಆರತಕ್ಷತೆಗೆ ಭಾವಗೀತೆ ಹಾಡ್ತಾರೆ. ಸಂಸಾರದ ಅರ್ಧ ಖರ್ಚು ಆ ಗಂಟಲಿನಿಂದ ನಡೆಯುತ್ತೆ. ತೂಕ 112 ಕಿಲೋ. ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರ್ತಿಲ್ಲ, ರಾತ್ರಿ ಮಲಗಿದ್ರೆ ಉಸಿರು ನಿಂತು ನಿಂತು ಎಚ್ಚರ ಆಗುತ್ತೆ. ಡಾಕ್ಟ್ರು ಹೊಟ್ಟೆ ಸಣ್ಣ ಮಾಡೋ ಆಪರೇಷನ್ ಮಾಡಿಸಿ ಅಂದಿದ್ದಾರೆ. ಸಂಗೀತ ಕಲಿಸಿದ ಗುರುಗಳು ‘ಮಾಡಿಸಿದ್ರೆ ಧ್ವನಿ ಹೋಗುತ್ತಮ್ಮಾ, ಬೇಡ’ ಅಂದಿದ್ದಾರೆ. ನಾದಿನಿ ಹೇಳಿದ್ದು ಇನ್ನೊಂದು: ‘ಮಾಡಿಸ್ಕೊಳ್ಳಿ ಅತ್ಗೆ, ಈಗ ಸ್ಟೇಜಿಗೆ ಸಣ್ಣಗಿರೋರನ್ನೇ ಕರೆಯೋದು.’ ನಾನು ಯಾರ ಮಾತು ಕೇಳ್ಲಿ ಸಾರ್ ಅಂತ ಕೊನೆಯಲ್ಲಿ ಒಂದು ಸಾಲು.

ಅಕ್ಕಾ, ನಾನು ಡಾಕ್ಟ್ರಲ್ಲ. ಆದರೆ ಕೇಳಿದ ಮೇಲೆ ಓದಿದ್ದೀನಿ, ತಿಳಿದವರನ್ನ ವಿಚಾರಿಸಿದ್ದೀನಿ. ಗುರುಗಳ ಮಾತಿನಲ್ಲಿ ಅರ್ಧ ಸತ್ಯ ಇದೆ. ನಾದಿನಿ ಮಾತನ್ನ ಆಮೇಲೆ ನೋಡೋಣ.

ಮೊದಲು ಉಸಿರು. ಹಾಡು ಅಂದ್ರೆ ಉಸಿರನ್ನ ತಡೆದು ತಡೆದು ಬಿಡೋ ಕಲೆ. ಹೊಟ್ಟೆ ದೊಡ್ಡದಿದ್ದಾಗ ಅದು ವಪೆಯನ್ನ ಕೆಳಗಿನಿಂದ ಒತ್ತುತ್ತೆ, ಶ್ವಾಸಕೋಶಕ್ಕೆ ಜಾಗ ಕಮ್ಮಿ. ತೂಕ ಇಳಿದ ಮೇಲೆ ಜಾಗ ಸಿಗುತ್ತೆ, ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋದು ಕಮ್ಮಿಯಾಗುತ್ತೆ. ಇದು ಲಾಭ. ಆದರೆ ಅದೇ ದೊಡ್ಡ ಹೊಟ್ಟೆ ಇಷ್ಟು ವರ್ಷ ನಿಮ್ಮ ಸ್ನಾಯುಗಳಿಗೆ ಒಂದು ಆನಿಕೆ ಆಗಿತ್ತು. ಅದಕ್ಕೆ ಒರಗಿಕೊಂಡೇ ನೀವು ಸ್ವರ ನಿಲ್ಲಿಸ್ತಿದ್ರಿ. ಆ ಆನಿಕೆ ಹೋಯ್ತು. ಒಂದಷ್ಟು ಕಾಲ ಉಸಿರು ಜಾಸ್ತಿ, ಹಿಡಿತ ಕಮ್ಮಿ. ವಾಯ್ಟ್ ಹೇಳಿದ್ದು ಇದನ್ನೇ. ಆನಿಕೆಯ ಕೆಲಸವನ್ನ ಈಗ ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳಿಗೆ ಕಲಿಸಬೇಕು.

ಆಮೇಲೆ ಗಂಟಲು. ಧ್ವನಿತಂತುಗಳು ಕೈಬೆರಳ ಉಗುರಿನಷ್ಟು ಪುಟ್ಟವು, ಅವುಗಳ ಮೇಲೆ ಕೊಬ್ಬು ಕೂರೋದು ಅಷ್ಟಕ್ಕಷ್ಟೇ. ಆದರೆ ಕತ್ತಿನ ಸುತ್ತ, ನಾಲಿಗೆಯ ಬುಡದಲ್ಲಿ, ಗಂಟಲಿನ ಗೋಡೆಯಲ್ಲಿ ಕೊಬ್ಬು ಸೇರಿರುತ್ತೆ. ರಾತ್ರಿ ಉಸಿರು ಕಟ್ಟೋದಕ್ಕೂ ಅದೇ ಒಂದು ಕಾರಣ. ಅದು ಕರಗಿದಾಗ ಟೊಳ್ಳಿನ ಆಕಾರ ಬದಲಾಗುತ್ತೆ. ತಂತಿ ಅದೇ, ಬುರುಡೆ ಬೇರೆ. ಕೇಳೋರಿಗೆ ಧ್ವನಿ ಸ್ವಲ್ಪ ತೆಳುವಾಗಿ, ಸ್ವಲ್ಪ ಹೊಳಪಾಗಿ ಕೇಳಬಹುದು. ನಿಮಗೆ ಇನ್ನೂ ಹೆಚ್ಚು ಗೊತ್ತಾಗುತ್ತೆ, ಯಾಕಂದ್ರೆ ಹಾಡುವವರು ಕಿವಿಯಿಂದ ಮಾತ್ರ ಕೇಳೋದಿಲ್ಲ. ತಾರಷಡ್ಜ ಮುಟ್ಟಿದಾಗ ತಲೆಯಲ್ಲಿ ಎಲ್ಲಿ ಝುಂ ಅನ್ನುತ್ತೆ ಅನ್ನೋದು ಅವರಿಗೆ ಗುರುತು. ಆ ಗುರುತಿನ ಜಾಗ ಸರಿದುಬಿಡುತ್ತೆ. ಸ್ವರ ಸರಿಯಾಗಿಯೇ ಇದ್ದರೂ ‘ಇದು ನನ್ನ ಧ್ವನಿ ಅಲ್ಲ’ ಅನ್ನಿಸಿ ಗಾಬರಿಯಾಗಿ ಗಂಟಲು ಬಿಗಿ ಹಿಡಿದ್ರೆ, ಅಲ್ಲಿಂದ ನಿಜವಾದ ತೊಂದರೆ ಶುರು.

ಇನ್ನು ಆಪರೇಷನ್ ಟೇಬಲ್. ಅರಿವಳಿಕೆ ಕೊಟ್ಟಾಗ ಉಸಿರಾಟಕ್ಕೆ ಒಂದು ಟ್ಯೂಬ್ ಹಾಕ್ತಾರೆ. ಅದು ಹೋಗೋದು ಎರಡು ಧ್ವನಿತಂತುಗಳ ನಡುವೆಯೇ. ಆಮೇಲೆ ಒಂದೆರಡು ದಿನ, ಕೆಲವರಿಗೆ ವಾರ, ಗಂಟಲು ಒಡೆದ ಹಾಗಿರೋದು ಸಾಮಾನ್ಯ. ಹಾಗಾಗಿ ಅರಿವಳಿಕೆ ಡಾಕ್ಟರ ಹತ್ರ ‘ನಾನು ಹಾಡುಗಾರ್ತಿ, ಗಂಟಲೇ ನನ್ನ ಅನ್ನ’ ಅಂತ ಮೊದಲೇ ಹೇಳಿ. ಹೇಳೋಕೆ ಸಂಕೋಚ ಬೇಡ. ಮೂರು ವಾರ ಕಳೆದರೂ ಗೊಗ್ಗರು ಹೋಗದಿದ್ರೆ, ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ, ಕ್ಯಾಮೆರಾ ಹಾಕಿ ಒಳಗೆ ನೋಡ್ತಾರೆ.

ನನ್ನ ಪ್ರಕಾರ ಹಾಡುವವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಹುಳಿತೇಗಿನ ಕಡೆಗೆ. ನಮ್ಮಲ್ಲಿ ಹೆಚ್ಚಾಗಿ ಮಾಡೋದು ಸ್ಲೀವ್ ಅನ್ನೋ ಆಪರೇಷನ್. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸ್ತಾರೆ. ತೂಕ ಇಳಿಯುತ್ತೆ, ಆದರೆ ಕೆಲವರಿಗೆ ಆಸಿಡ್ ಮೇಲಕ್ಕೆ ಬರೋದು ಹೊಸದಾಗಿ ಶುರುವಾಗುತ್ತೆ, ಮೊದಲೇ ಇದ್ದವರಿಗೆ ಹೆಚ್ಚಾಗಬಹುದು. ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಅದು ಕಮ್ಮಿಯಾಗುತ್ತೆ. ರಾತ್ರಿ ಮಲಗಿದಾಗ ಆಸಿಡ್ ಗಂಟಲಿನ ತನಕ ಬಂದ್ರೆ, ಬೆಳಿಗ್ಗೆ ಎದ್ದಾಗ ಧ್ವನಿ ಒರಟು, ಸುಮ್ಮನೆ ಕ್ಯಾಕರಿಸೋದು, ಮೇಲಿನ ಸ್ವರ ಹತ್ತದೇ ಇರೋದು. ಎದೆಯುರಿ ಇದ್ದರೆ, ಯಾವ ಆಪರೇಷನ್ ಅಂತ ತೀರ್ಮಾನ ಆಗೋ ಮೊದಲೇ ಅದನ್ನ ಬಾಯಿಬಿಟ್ಟು ಹೇಳಬೇಕು. ಮಾಡಿಸಿದ ಮೇಲೆ ಹೇಳಿದ್ರೆ ಕತ್ತರಿಸಿದ್ದನ್ನ ಅಂಟಿಸೋಕೆ ಆಗೋದಿಲ್ಲ.

ಉಳಿದದ್ದು ಅಡುಗೆಮನೆಯ ವಿಚಾರ. ತೂಕ ಬೇಗ ಇಳಿದಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತೆ. ಉಸಿರು ಹಿಡಿಯೋ ಸ್ನಾಯು ಕೂಡ ಮಾಂಸಖಂಡವೇ ತಾನೇ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಹೋಗಬೇಕು ಅಂತ ಹೇಳ್ತಾರೆ. ಅರ್ಧ ಬಟ್ಟಲು ತಿಂದ್ರೆ ಹೊಟ್ಟೆ ತುಂಬೋ ಸ್ಥಿತಿಯಲ್ಲಿ, ಅನ್ನ-ಸಾರು ಅಂತ ಕೂತ್ರೆ ಅದು ಆಗದ ಮಾತು. ಮೊಟ್ಟೆ ತಿನ್ನದ ಮನೆಯವರಾದ್ರೆ ಬೇಳೆ, ಪನ್ನೀರು, ಮೊಸರು, ಡಾಕ್ಟ್ರು ಕೊಟ್ಟ ಪುಡಿ ಮೊದಲು, ಅನ್ನ ಆಮೇಲೆ. ಬಿ12, ಕಬ್ಬಿಣದ ಮಾತ್ರೆ ಜೀವನಪರ್ಯಂತ. ನೀರನ್ನ ಗಟಗಟ ಕುಡಿಯೋಕೆ ಆಗಲ್ಲ, ಗುಟುಕು ಗುಟುಕಾಗಿ ದಿನವಿಡೀ ಕುಡೀಬೇಕು. ನೀರು ಕಮ್ಮಿಯಾದ್ರೆ ಧ್ವನಿತಂತು ಒಣಗುತ್ತೆ. ಅವಸರದಲ್ಲಿ ನುಂಗಿದ್ರೆ ವಾಂತಿಯಾಗುತ್ತೆ, ಪದೇ ಪದೇ ವಾಂತಿ ಗಂಟಲಿಗೆ ಒಳ್ಳೇದಲ್ಲ. ಅಂದಹಾಗೆ ಇನ್ನೊಂದು ವಿಷಯ, ಇದು ಅಕ್ಕನಿಗಲ್ಲ, ನೋಡ್ತಿರೋ ಅಣ್ಣಂದಿರಿಗೆ. ಬೈಪಾಸ್ ಆದವರಿಗೆ ಮದ್ಯ ಬಹಳ ಬೇಗ ರಕ್ತಕ್ಕೆ ಏರುತ್ತೆ, ಚಟ ಹತ್ತೋ ಅಪಾಯವೂ ಹೆಚ್ಚು. ವಾಯ್ಟ್ ತಮ್ಮ ಕುಡಿತದ ಕಷ್ಟವನ್ನ 2015ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಹೆದರಿಕೆ ಆಯ್ತಾ? ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. ಸ್ವೀಡನ್ನಿನಲ್ಲಿ 4,000ಕ್ಕೂ ಹೆಚ್ಚು ಸ್ಥೂಲದೇಹಿಗಳನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯ್ತು. ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಮ್ಮಿ. ಸಕ್ಕರೆ ಕಾಯಿಲೆ ಎಷ್ಟೋ ಜನರಿಗೆ ಹಿಡಿತಕ್ಕೆ ಬರುತ್ತೆ. ನಿದ್ದೆಯಲ್ಲಿ ಉಸಿರು ಕಟ್ಟೋದು ಸುಧಾರಿಸುತ್ತೆ, ಮಂಡಿನೋವು ಇಳಿಯುತ್ತೆ. ನಿದ್ದೆ ಸರಿಯಾದ ಗಂಟಲು ಬೆಳಿಗ್ಗೆ ಬೇರೆಯೇ ಇರುತ್ತೆ ಅಂತ ಯಾವ ಹಾಡುಗಾರರನ್ನ ಕೇಳಿದ್ರೂ ಹೇಳ್ತಾರೆ. ಸಕ್ಕರೆ ಏರಿ ಕಣ್ಣು, ಕಿಡ್ನಿ ಕೈಕೊಟ್ಟ ಮೇಲೆ ಉಳಿದ ಒಳ್ಳೇ ಧ್ವನಿಯನ್ನ ಇಟ್ಟುಕೊಂಡು ಏನು ಮಾಡ್ತೀರಿ? ಗುರುಗಳ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಕಲಾಸ್ ಕಥೆ ಹೇಳಿ ಒಬ್ಬ ರೋಗಿಯನ್ನ ಚಿಕಿತ್ಸೆಯಿಂದ ತಪ್ಪಿಸೋದು ಸರಿಯಲ್ಲ. ಧ್ವನಿ ಬದಲಾಗೋದು ಬೇರೆ, ಹೋಗೋದು ಬೇರೆ.

ಡಾಕ್ಟರ ಮೇಲೂ ನನಗೆ ಒಂದು ತಕರಾರಿದೆ. ಸಹಿ ಹಾಕಿಸೋ ಫಾರಮ್ಮಿನಲ್ಲಿ ಹೊಲಿಗೆ ಬಿಚ್ಚೋದು, ರಕ್ತ ಹೆಪ್ಪುಗಟ್ಟೋದು ಎಲ್ಲ ಇರುತ್ತೆ. ಕೂದಲು ಉದುರುತ್ತೆ ಅಂತಲೂ ಹೇಳ್ತಾರೆ. ನೀವು ಏನು ಕೆಲಸ ಮಾಡ್ತೀರಿ, ಧ್ವನಿಯಿಂದ ಸಂಪಾದನೆ ಇದೆಯಾ ಅಂತ ಎಷ್ಟು ಜನ ಕೇಳ್ತಾರೆ? ಹಾಡೋರು ಮಾತ್ರ ಅಲ್ಲ. ಮೇಷ್ಟ್ರು, ವಕೀಲರು, ಹರಿಕಥೆ ದಾಸರು, ಯಕ್ಷಗಾನದ ಭಾಗವತರು, ಬಸ್ ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗೋ ಏಜೆಂಟು, ನಮ್ಮಂಥ ಬಾಯಿಬಡುಕರು, ಎಲ್ಲರ ಅನ್ನವೂ ಗಂಟಲಿನಲ್ಲೇ ಇರೋದು. ಒಂದು ಪ್ರಶ್ನೆ ಸೇರಿಸಿದ್ರೆ ಯಾರ ಗಂಟೂ ಹೋಗೋದಿಲ್ಲ.

ಈಗ ನಾದಿನಿ ಮಾತಿಗೆ ಬರೋಣ. ಸ್ಟೇಜಿಗೆ ಸಣ್ಣಗಿರೋರೇ ಬೇಕು ಅನ್ನೋ ಮಾತು. ಅದು ಸುಳ್ಳು ಅಂತ ಹೇಳೋಕೆ ನನಗೆ ಬಾಯಿಲ್ಲ, ಯಾಕಂದ್ರೆ ನಾನು ಕೂತಿರೋ ಈ ಟಿವಿ ಉದ್ಯಮವೇ ಆ ರೋಗವನ್ನ ಹಬ್ಬಿಸಿದ್ದು. ರಿಯಾಲಿಟಿ ಶೋಗಳಲ್ಲಿ ಹಾಡೋ ಮಗುವಿಗೆ ಮೊದಲು ಮೇಕಪ್, ಆಮೇಲೆ ಶ್ರುತಿ. ಸುದ್ದಿ ಓದೋ ಹೆಣ್ಣುಮಕ್ಕಳ ಕನ್ನಡ ಹೇಗಿದೆ ಅಂತ ಕೇಳೋರಿಗಿಂತ ಅವರು ಎಷ್ಟು ದಪ್ಪ ಆಗಿದ್ದಾರೆ ಅಂತ ಫೋನ್ ಮಾಡಿ ಹೇಳೋರು ಜಾಸ್ತಿ. ನನ್ನ ಹೊಟ್ಟೆ ಈ ಟೇಬಲ್ ಹಿಂದೆ ಸುಖವಾಗಿದೆ, ಅದರ ಬಗ್ಗೆ ಇದುವರೆಗೆ ಯಾರೂ ಫೋನ್ ಮಾಡಿಲ್ಲ! 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸೋ ಸರ್ಜರಿ ಮಾಡಿಸಿಕೊಂಡ 21 ವರ್ಷದ ಕಿರುತೆರೆ ನಟಿ ತೀರಿಕೊಂಡಳು. ನಾವೆಲ್ಲ ದಿನವಿಡೀ ಆ ಸುದ್ದಿ ತೋರಿಸಿದ್ವಿ. ಅದು ಅಂದ ತಿದ್ದೋಕೆ ಅಲ್ಲಲ್ಲಿ ಕೊಬ್ಬು ಹೀರಿ ತೆಗೆಯೋ ಸರ್ಜರಿ. ಅಕ್ಕನಿಗೆ ಹೇಳಿರೋದು ಕಾಯಿಲೆಗೆ ಕೊಡೋ ಚಿಕಿತ್ಸೆ. ಎರಡೂ ಒಂದೇ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ಎದ್ದು ಬನ್ನಿ.

ಗಾಯಕ ಅದ್ನಾನ್ ಸಾಮಿ ಹೆಸರು ಎಲ್ಲರಿಗೂ ಗೊತ್ತು. 200 ಕಿಲೋಗೂ ಮೇಲಿದ್ದವರು, 130 ಕಿಲೋದಷ್ಟು ಇಳಿದರು. ಆಪರೇಷನ್ ಅಲ್ಲ, ಊಟದ ಪಥ್ಯದಿಂದ ಅಂತ ಅವರೇ ಅನೇಕ ಕಡೆ ಹೇಳಿದ್ದಾರೆ. ಆಮೇಲೂ ಹಾಡಿದ್ರು, 2020ರಲ್ಲಿ ಪದ್ಮಶ್ರೀ ಬಂತು. ಅವರು ಹಾಡೋದು ಮೈಕ್ ಹಿಡಿದು. ಅಕ್ಕಾ, ನೀವೂ ಅಷ್ಟೇ. ವಾಯ್ಟ್ ಥರ ನೀವು 3,800 ಜನರಿಗೆ ಬರೀ ಗಂಟಲಿನಿಂದ ಮುಟ್ಟಿಸಬೇಕಾಗಿಲ್ಲ. ಧ್ವನಿಯ ಗಾತ್ರ ಸ್ವಲ್ಪ ತಗ್ಗಿದ್ರೆ ಸೌಂಡ್ ಹುಡುಗ ನೋಡಿಕೊಳ್ತಾನೆ. ದೀರ್ಘ ಉಸಿರು ಬೇಡುವ ಸಾಲುಗಳಲ್ಲಿ, ತಾರದಲ್ಲಿ ನಿಲ್ಲೋ ಕಡೆ ಮೈಕ್ ಸಹಾಯ ಮಾಡೋದಿಲ್ಲ. ಆ ಜಾಗಕ್ಕೆ ಅಭ್ಯಾಸ ಬೇಕು.

ಆಪರೇಷನ್ನಿಗೆ ಮುಂಚೆ ಒಂದು ಕೆಲಸ ಮಾಡಿ. ಮೊಬೈಲಿನಲ್ಲಿ ನಿಮ್ಮ ಧ್ವನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆರೋಹಣ ಅವರೋಹಣ, ಒಂದು ಸ್ವರವನ್ನ ಎಷ್ಟು ಸೆಕೆಂಡ್ ಹಿಡೀತೀರಿ ಅನ್ನೋದು, ನಿಮಗಿಷ್ಟವಾದ ಒಂದು ಭಾವಗೀತೆ. ತಿಂಗಳಿಗೊಮ್ಮೆ ಅದನ್ನೇ ಮತ್ತೆ ರೆಕಾರ್ಡ್ ಮಾಡಿ. ಧ್ವನಿ ಬದಲಾಯ್ತು ಅಂತ ಮನಸ್ಸು ಹೇಳಿದಾಗ ಎಷ್ಟು ಬದಲಾಯ್ತು ಅಂತ ಕಿವಿ ಹೇಳುತ್ತೆ. ತೂಕದ ಬಹುಪಾಲು ಇಳಿಯೋದು ಮೊದಲ ಒಂದು, ಒಂದೂವರೆ ವರ್ಷದಲ್ಲಿ. ಆ ಅವಧಿಯಲ್ಲಿ ಬುರುಡೆ ತಿಂಗಳು ತಿಂಗಳಿಗೂ ಬೇರೆ ಆಗ್ತಿರುತ್ತೆ. ಮೂರನೇ ತಿಂಗಳಿಗೇ ನನ್ನ ಧ್ವನಿ ಮುಗೀತು ಅಂತ ತೀರ್ಪು ಬರೀಬೇಡಿ. ಹೊಲಿಗೆ ಒಣಗೋ ತನಕ, ಡಾಕ್ಟ್ರು ಸರಿ ಅನ್ನೋ ತನಕ ಹೊಟ್ಟೆ ಬಿಗಿ ಹಿಡಿದು ಏರುದನಿಯಲ್ಲಿ ಹಾಡಬೇಡಿ. ಮದುವೆ ಸೀಸನ್ನಿನ ಮುಂಗಡ ವಾಪಸ್ ಕೊಡಬೇಕಾಗಬಹುದು. ಆ ಲೆಕ್ಕವನ್ನೂ ಆಪರೇಷನ್ ಖರ್ಚಿನ ಜೊತೆಗೇ ಹಾಕಿ.

ನಿಮ್ಮ ಗುರುಗಳು ಈ ಕಾರ್ಯಕ್ರಮ ನೋಡ್ತಿದ್ದರೆ ಅವರಿಗೊಂದು ವಿನಂತಿ. ಸಾರ್, ಈ ಅಕ್ಕ ಒಂದು ದಿನ ಸಡಿಲವಾದ ಬ್ಲೌಸು ಹಾಕಿಕೊಂಡು, ಹೆದರಿಕೊಂಡು ನಿಮ್ಮ ಮನೆ ಬಾಗಿಲಿಗೆ ಬರ್ತಾರೆ. ಅವತ್ತು ಕೀರ್ತನೆ ಹಾಡಿಸಬೇಡಿ. ಶ್ರುತಿಯನ್ನ ಅರ್ಧ ಮನೆ ಕೆಳಗೆ ಇಳಿಸಿ, ಎಂಟು ವರ್ಷದ ಹುಡುಗಿಗೆ ಮಾಡಿಸಿದ್ದ ಹಾಗೆ ಸರಳೆ ವರಸೆಯಿಂದ ಶುರು ಮಾಡಿ. ನಿಧಾನವಾಗಿ, ಮೊದಲ ಕಾಲದಲ್ಲಿ.